ಗಣಿತ್ಯಾಜ್ಯ ಪ್ರದೇಶಗಳಲ್ಲಿ ಹೊಳೆನೀರಿನ ಗುಣಮಟ್ಟದ ಪರಿವೀಕ್ಷಣೆ

ಅದಿರನ್ನು ಪುಡಿಮಾಡಿ ಲೋಹವನ್ನು ಬೇರ್ಪಡಿಸಿದ ಬಳಿಕ ಉಳಿಯುವ ನುಣುಪಾದ ಹುಡಿ ಹಾಗೂ ಕೆಸರಿಗೆ ಗಣಿಗಾರಿಕೆಯ ಪರಿಭಾಷೆಯಲ್ಲಿ ಟೇಲಿಂಗ್ಸ್ ಎಂದು ಹೆಸರು. ಇಂತಹ ತ್ಯಾಜ್ಯದ ರಾಶಿ ಅಥವಾ ಕಟ್ಟೆಗಳ ಸಮೀಪ ಹರಿಯುವ ಹಳ್ಳ, ತೊರೆ, ಹೊಳೆಗಳ ನೀರನ್ನು ನಿಯತವಾಗಿ ಸಂಗ್ರಹಿಸಿ, ಪರೀಕ್ಷಿಸಿ, ದಾಖಲಿಸುವ ಕಾರ್ಯವೇ ಗುಣಮಟ್ಟದ ಪರಿವೀಕ್ಷಣೆ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಈ ತ್ಯಾಜ್ಯದ ದಿಬ್ಬಗಳನ್ನು ಜನರು ‘ಸೈನೈಡ್ ಗುಡ್ಡ’ಗಳೆಂದು ಕರೆಯುತ್ತಾರೆ. ಅಲ್ಲಿನ ಗಣಿ 2001ರಲ್ಲಿ ಮುಚ್ಚಿತು, ಗುಡ್ಡಗಳು ಉಳಿದಿವೆ. ಗಣಿಯ ಬಾಗಿಲು ಮುಚ್ಚಿದೊಡನೆ ನೀರಿನ ಪರೀಕ್ಷೆಯೂ ಮುಗಿಯಿತೆಂದು ತಿಳಿಯುವಂತಿಲ್ಲ.

ಮಾಲಿನ್ಯದ ಬಗೆ

ಯಾವುದನ್ನು ಅಳೆಯಬೇಕೆಂಬುದು ಅದಿರಿನ ಸ್ವರೂಪವನ್ನು ಅವಲಂಬಿಸಿದೆ. ತ್ಯಾಜ್ಯದಲ್ಲಿ ಪೈರೈಟ್‌ನಂತಹ ಗಂಧಕಯುಕ್ತ ಖನಿಜಗಳಿದ್ದರೆ ಅವು ಗಾಳಿ ಮತ್ತು ನೀರಿನ ಸಂಪರ್ಕದಿಂದ ಗಂಧಕಾಮ್ಲವನ್ನು ಉಂಟುಮಾಡುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಈ ಕ್ರಿಯೆಯನ್ನು ಬಹಳಷ್ಟು ವೇಗಗೊಳಿಸುತ್ತವೆ. ಆಮ್ಲೀಯ ನೀರಿನಲ್ಲಿ ತಾಮ್ರ, ಸತು, ಕ್ಯಾಡ್ಮಿಯಂ ಮೊದಲಾದ ಲೋಹಗಳು ಸುಲಭವಾಗಿ ಕರಗಿ ಹರಿಯುತ್ತವೆ. ಮುಂದೆ ಆಮ್ಲತೆ ತಗ್ಗಿದಲ್ಲಿ ಕಬ್ಬಿಣವು ಕಿತ್ತಳೆ ಬಣ್ಣದ ಗಸಿಯಾಗಿ ಹೊಳೆಯ ಕಲ್ಲುಗಳ ಮೇಲೆ ಕೂರುತ್ತದೆ. ಆದರೆ ನೀರು ತಿಳಿಯಾಗಿ ಕಾಣುತ್ತದೆ, ಪಿಎಚ್ ಮೌಲ್ಯವೂ ಸರಿಯಾಗಿದೆ ಎಂದಮಾತ್ರಕ್ಕೆ ಅದು ನಿರಪಾಯಕಾರಿ ಎನ್ನಲಾಗದು. ಆರ್ಸೆನಿಕ್ ತಟಸ್ಥ ನೀರಿನಲ್ಲಿಯೂ ಕರಗಿರಬಲ್ಲದು. ಅದಕ್ಕೆ ಬಣ್ಣವಾಗಲಿ ರುಚಿಯಾಗಲಿ ಇಲ್ಲ. ಚಿನ್ನದ ಅದಿರಿನ ತ್ಯಾಜ್ಯದಲ್ಲಿ ಸೈನೈಡ್ ಉಳಿಕೆಯನ್ನೂ ಪರೀಕ್ಷಿಸಬೇಕಾಗುತ್ತದೆ.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರೊಳಗಿರಬೇಕು. ಲೀಟರಿಗೆ ಸೀಸ 0.01 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ, ಸೈನೈಡ್ 0.05 ಮಿಲಿಗ್ರಾಂ ಮೀರಬಾರದು. ಇವು ಮನುಷ್ಯರಿಗೆ ಅನ್ವಯಿಸುವ ಮಿತಿಗಳು. ಕರಗಿದ ತಾಮ್ರ ಮತ್ತು ಸೈನೈಡ್ ವಿಷಯದಲ್ಲಿ ಮೀನುಗಳು ಮನುಷ್ಯರಿಗಿಂತ ಬಹಳ ಸೂಕ್ಷ್ಮ.

ಮಾದರಿ ಸಂಗ್ರಹ

ಪರಿವೀಕ್ಷಣೆಯ ಫಲಿತಾಂಶವು ಪ್ರಯೋಗಾಲಯದ ಯಂತ್ರಕ್ಕಿಂತ ಮೊದಲು ಹೊಳೆಯ ದಡದಲ್ಲಿಯೇ ನಿರ್ಧಾರವಾಗುತ್ತದೆ. ತ್ಯಾಜ್ಯಕಟ್ಟೆಗಿಂತ ಮೇಲ್ಭಾಗದಲ್ಲಿ ಒಂದು ಸ್ಥಳವನ್ನು ಆರಿಸದಿದ್ದರೆ ಕೆಳಭಾಗದ ಅಂಕಿಗಳಿಗೆ ಅರ್ಥವಿರುವುದಿಲ್ಲ. ಲೋಹವು ಬಂಡೆಯಿಂದ ಸಹಜವಾಗಿ ಬಂದುದೋ ಗಣಿಯಿಂದ ಬಂದುದೋ ಎಂದು ಬೇರ್ಪಡಿಸಿ ಹೇಳಲಾಗದು. ಕೆಳಗೆ, ಕಟ್ಟೆಯ ಜಿನುಗು ನೀರು ಸೇರುವಲ್ಲಿ ಮತ್ತು ಅದು ಹೊಳೆಯೊಡನೆ ಪೂರ್ತಿ ಬೆರೆತ ನಂತರದ ಸ್ಥಳದಲ್ಲಿ ನೀರು ತೆಗೆಯುತ್ತಾರೆ.

ಪಿಎಚ್, ಉಷ್ಣತೆ, ವಿದ್ಯುದ್ವಾಹಕತೆ, ಕರಗಿದ ಆಮ್ಲಜನಕ ಇವುಗಳನ್ನು ಸ್ಥಳದಲ್ಲಿಯೇ ಅಳೆಯಬೇಕು, ಏಕೆಂದರೆ ಸೀಸೆಯಲ್ಲಿ ಅವು ಬದಲಾಗುತ್ತವೆ. ಕರಗಿದ ಲೋಹಗಳ ಪರೀಕ್ಷೆಗೆ ನೀರನ್ನು 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಂತೆ ನೈಟ್ರಿಕ್ ಆಮ್ಲ ಬೆರೆಸುತ್ತಾರೆ. ಇಲ್ಲವಾದರೆ ಲೋಹ ಸೀಸೆಯ ಗೋಡೆಗೆ ಅಂಟಿಕೊಂಡು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಸೈನೈಡ್‌ಗೆ ಇದಕ್ಕೆ ವಿರುದ್ಧವಾದ ಕ್ರಮ. ಆಮ್ಲ ಬೆರೆಸಿದರೆ ಅದು ವಿಷಾನಿಲವಾಗಿ ಹೊರಬೀಳುವುದರಿಂದ ಕ್ಷಾರ ಬೆರೆಸಿ, ಬೆಳಕಿಗೆ ಒಡ್ಡದೆ, ತಣ್ಣಗೆ ಇಡಬೇಕು. ಒಂದೇ ಸೀಸೆಯ ನೀರಿನಿಂದ ಎಲ್ಲ ಪರೀಕ್ಷೆ ಮಾಡಲಾಗದಿರುವುದು ಈ ಕಾರಣದಿಂದ.

ಸಾಂದ್ರತೆಯೊಡನೆ ಹರಿವಿನ ಪ್ರಮಾಣವನ್ನೂ ಅಳೆಯಬೇಕು. ಮಳೆಗಾಲದಲ್ಲಿ ನೀರು ಹೆಚ್ಚಿ ಲೀಟರಿಗೆ ಸಿಗುವ ಲೋಹದ ಅಂಶ ತಗ್ಗಬಹುದು. ಆದರೆ ಹೊಳೆ ಹೊತ್ತೊಯ್ಯುವ ಒಟ್ಟು ಲೋಹ ಬೇಸಿಗೆಗಿಂತ ಹೆಚ್ಚೇ ಇರಬಹುದು. ಬಿಸಿಲಿನ ದಿನಗಳಲ್ಲಿ ಮೇಲ್ಪದರದಲ್ಲಿ ಕೂಡಿದ ಲವಣಗಳು ಮೊದಲ ಮಳೆಗೆ ಒಮ್ಮೆಲೇ ತೊಳೆದು ಬರುತ್ತವೆ. ತಿಂಗಳಿಗೊಮ್ಮೆ, ಅದೂ ಮಳೆಯಿಲ್ಲದ ದಿನ ನೋಡಿ ತೆಗೆದ ಮಾದರಿಯಲ್ಲಿ ಇದು ಕಾಣುವುದೇ ಇಲ್ಲ. ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿಕೊಡುವವು ಹೊಳೆತಳದ ಕೀಟಗಳ ಮರಿಗಳು. ಮೇಫ್ಲೈಯಂತಹ ಸೂಕ್ಷ್ಮ ಜಾತಿಗಳು ಒಂದೆಡೆ ಕಾಣೆಯಾಗಿದ್ದರೆ, ಯಾರೂ ನೀರು ತೆಗೆಯದ ದಿನ ಏನೋ ಹರಿದುಹೋಗಿದೆಯೆಂದು ಊಹಿಸಬಹುದು.

ಕುದುರೆಮುಖ

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಕಡಿಮೆ ದರ್ಜೆಯ ಮ್ಯಾಗ್ನಟೈಟ್ ಅದಿರನ್ನು ತೆಗೆಯಲಾಗುತ್ತಿತ್ತು. ಸಂಸ್ಕರಣೆಯ ತ್ಯಾಜ್ಯವನ್ನು ಭದ್ರಾ ನದಿಯ ಉಪನದಿಯಾದ ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ತುಂಬಿಸಲಾಯಿತು. ಇಲ್ಲಿನ ಮುಖ್ಯ ಪ್ರಶ್ನೆ ಆಮ್ಲವಲ್ಲ, ಹೂಳು. ವರ್ಷಕ್ಕೆ 6,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಈ ಬೆಟ್ಟಗಳಲ್ಲಿ ಮಣ್ಣು ತೆರೆದಿಟ್ಟರೆ ಅದು ಕಳಸ, ಬಾಳೆಹೊನ್ನೂರುಗಳ ಮೂಲಕ ಲಕ್ಕವಳ್ಳಿಯ ಭದ್ರಾ ಜಲಾಶಯದತ್ತ ಸಾಗುತ್ತದೆ. ನದಿಯು ಒಯ್ಯುವ ಹೂಳಿನಲ್ಲಿ ಬಹುಪಾಲು ಕೆಲವೇ ಭಾರೀ ಮಳೆಯ ದಿನಗಳಲ್ಲಿ ಸಾಗುವುದರಿಂದ, ಬಿರುಮಳೆಯ ನಡುವೆ ಗಂಟೆಗಂಟೆಗೆ ಮಾದರಿ ತೆಗೆಯದೆ ನಿಜಸ್ಥಿತಿ ತಿಳಿಯದು. ಗಣಿ ಪ್ರದೇಶದಿಂದ ಬರುವ ಹೂಳಿನ ಪಾಲು ಎಷ್ಟೆಂಬ ಬಗ್ಗೆ ಕಂಪನಿಗೂ ಪರಿಸರವಾದಿಗಳಿಗೂ ನಡೆದ ವಾದ ಬಹುಮಟ್ಟಿಗೆ ಈ ಅಳತೆಗಳನ್ನೇ ಕುರಿತದ್ದಾಗಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಲಕ್ಯಾ ಅಣೆಕಟ್ಟೆ ಮತ್ತು ಅದರ ಹಿಂದಿನ ಹೂಳು ಈಗಲೂ ಇವೆ.

ಬಾಯಾ ಮಾರೆ ದುರಂತ

2000ದ ಜನವರಿ 30ರಂದು ರೊಮೇನಿಯದ ಬಾಯಾ ಮಾರೆಯಲ್ಲಿ ಚಿನ್ನದ ತ್ಯಾಜ್ಯದ ಕಟ್ಟೆಯೊಡೆದು, ಸುಮಾರು 1 ಲಕ್ಷ ಘನ ಮೀಟರ್ ಸೈನೈಡ್‌ಯುಕ್ತ ನೀರು ಸಾಮೆಷ್ ನದಿಯ ಮೂಲಕ ಹಂಗೆರಿಯ ಟಿಸಾ ನದಿಗೂ ಅಲ್ಲಿಂದ ಡ್ಯಾನ್ಯೂಬ್‌ಗೂ ಸೇರಿತು. ಹಂಗೆರಿಯ ಅಂದಾಜಿನಂತೆ ಅಲ್ಲಿ ಸಾವಿರ ಟನ್ನಿಗೂ ಹೆಚ್ಚು ಮೀನು ಸತ್ತವು. ನದಿಯುದ್ದಕ್ಕೂ ವಿಷದ ಅಲೆಯನ್ನು ಅಳೆಯುತ್ತ ಕೆಳಗಿನ ದೇಶಗಳಿಗೆ ಮುನ್ಸೂಚನೆ ನೀಡಿದುದರಿಂದ, ಕುಡಿಯುವ ನೀರಿನ ವಿಷಯದಲ್ಲಿ ಸಕಾಲಕ್ಕೆ ಎಚ್ಚರಿಕೆ ವಹಿಸಲು ಅವಕಾಶವಾಯಿತು. ಅಲೆ ದಾಟಿದ ಬಳಿಕ, ಮೇಲಿನಿಂದ ಹರಿದುಬಂದ ಶುದ್ಧ ನೀರಿನೊಡನೆ ಸೂಕ್ಷ್ಮಜೀವಿಗಳು ಬೇಗನೆ ಮರಳಿದವು. ತಳದ ಕೆಸರಿನಲ್ಲಿ ಸೇರಿದ ಭಾರಲೋಹಗಳ ಪರೀಕ್ಷೆ ಮಾತ್ರ ಬಹುಕಾಲ ಮುಂದುವರಿಯಬೇಕಾಯಿತು.