ನಿಮ್ಮ ಮನೆಯ ಕ್ಯಾಮೆರಾ ಯಾರ ಮಾತು ಕೇಳುತ್ತಿದೆ?

ಹಬ್ಬದ ಹಿಂದಿನ ದಿನ ದಿನಸಿ ಅಂಗಡಿಗೆ ಹೋಗುತ್ತೀರಿ. ಬಾಗಿಲ ತುಂಬ ಜನ. ಅವರಲ್ಲಿ ಯಾರೂ ಕೊಳ್ಳುವವರಲ್ಲ. "ಬೆಲ್ಲ ಎಷ್ಟು? ಬೇಳೆ ಎಷ್ಟು?" ಅಂತ ಕೇಳಿದ್ದನ್ನೇ ಕೇಳುತ್ತಾ ನಿಂತಿದ್ದಾರೆ. ಉತ್ತರ ಹೇಳಿ ಹೇಳಿ ಅಂಗಡಿಯವರಿಗೆ ಸುಸ್ತು. ಚೀಲ ಹಿಡಿದು ನಿಂತ ನಿಮ್ಮ ಸರದಿ ಬರುವುದೇ ಇಲ್ಲ. ಯಾರೂ ಬೀಗ ಒಡೆದಿಲ್ಲ, ಏನೂ ಕಳುವಾಗಿಲ್ಲ. ಆದರೂ ವ್ಯಾಪಾರ ನಿಂತಿತು.

ಇಂಟರ್‌ನೆಟ್ಟಿನಲ್ಲಿ ನಡೆಯುವ ಇಂಥದೇ ಕಿತಾಪತಿಗೆ 'ಡಿನಯಲ್ ಆಫ್ ಸರ್ವಿಸ್' ಎಂದು ಹೆಸರು. ಸೇವೆ ಸಿಗದಂತೆ ಮಾಡುವುದು ಅಂತ ಅರ್ಥ. ವೆಬ್‌ಸೈಟ್ ಇರುವುದು ಸರ್ವರ್ ಎಂಬ ಕಂಪ್ಯೂಟರಿನಲ್ಲಿ. ಒಂದು ಹೊತ್ತಿಗೆ ಅದು ಇಷ್ಟೇ ಜನಕ್ಕೆ ಉತ್ತರ ಕೊಡಬಲ್ಲದು. ಲಕ್ಷಗಟ್ಟಲೆ ಸುಳ್ಳು ಕೋರಿಕೆಗಳು ಒಮ್ಮೆಲೇ ನುಗ್ಗಿದರೆ, ನಿಜವಾಗಿ ಬೇಕಾದವರಿಗೆ ಬಾಗಿಲು ಮುಚ್ಚಿದಂತೆಯೇ.

"ಇದೆಲ್ಲ ನಮಗೇಕೆ?" ಅಂತೀರಾ? ಆ ಸುಳ್ಳು ಗಿರಾಕಿಗಳು ನಮ್ಮ ನಿಮ್ಮಂಥವರ ಮನೆಯಿಂದಲೇ ಹೊರಡಬಹುದು, ಸೋದರಿಯರೇ!

ಅಮೆರಿಕದಲ್ಲಿ ಡೈನ್ ಎಂಬ ಕಂಪನಿ ಇತ್ತು. ವೆಬ್‌ಸೈಟಿನ ಹೆಸರು ಹೇಳಿದರೆ ವಿಳಾಸ ತೋರಿಸುವುದು ಅದರ ಕೆಲಸ, ಟೆಲಿಫೋನ್ ಡೈರೆಕ್ಟರಿ ಇದ್ದ ಹಾಗೆ. 2016ರ ಅಕ್ಟೋಬರ್ 21ರಂದು ಅದರ ಮೇಲೆ ಇಂಥ ದಾಳಿ ನಡೆಯಿತು. ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಎಷ್ಟೋ ಜನಕ್ಕೆ ಗಂಟೆಗಟ್ಟಲೆ ಸಿಗಲಿಲ್ಲ. ಅವು ಕೆಟ್ಟಿರಲಿಲ್ಲ, ದಾರಿ ತೋರಿಸುವವರೇ ಕಂಗಾಲಾಗಿದ್ದರು.

ದಾಳಿ ಮಾಡಿದ್ದು ಯಾವುದು ಗೊತ್ತೇ? ಮನೆ, ಅಂಗಡಿಗಳಲ್ಲಿ ಹಾಕಿಸಿದ ಸಿಸಿಟಿವಿ ಕ್ಯಾಮೆರಾ, ಅದರ ರೆಕಾರ್ಡರ್, ವೈ-ಫೈ ರೂಟರ್‌ಗಳಂಥ ಸಾಮಾನುಗಳು! 'ಮಿರಾಯ್' ಎಂಬ ದುಷ್ಟ ಪ್ರೋಗ್ರಾಮಿನ ಬಳಿ ಕಾರ್ಖಾನೆಯವರು ಹಾಕಿ ಕಳಿಸುವ ಅರವತ್ತು ಚಿಲ್ಲರೆ ಪಾಸ್‌ವರ್ಡುಗಳ ಪಟ್ಟಿಯಿತ್ತು. ಅದು ಒಂದೊಂದೇ ಹಾಕಿ ನೋಡುತ್ತಿತ್ತು. ತೆರೆದುಕೊಂಡ ಸಾಮಾನು ಅದರ ಆಳಾಗುತ್ತಿತ್ತು. ಯಜಮಾನರಿಗೆ ಇದರ ಸುಳಿವೇ ಇರಲಿಲ್ಲ. ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇರುತ್ತಿತ್ತು.

ಹಾಗಾದರೆ ನಾವು ಮಾಡಬೇಕಾದ್ದೇನು?

1. ಕ್ಯಾಮೆರಾ, ರೂಟರ್ ಹಾಕಲು ಬಂದವರು ಹೊರಡುವ ಮೊದಲೇ ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ. 'ಅಡ್ಮಿನ್', '1234' ಬೇಡವೇ ಬೇಡ.

2. ಮೊಬೈಲಿಗೆ ವೈ-ಫೈ ಸಿಗಲು ಹಾಕುವ ಪಾಸ್‌ವರ್ಡ್ ಬೇರೆ, ರೂಟರಿನ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಬೇರೆ. ಎರಡನ್ನೂ ಬದಲಿಸಿ.

3. ಅಪ್‌ಡೇಟ್ ಬಂದಾಗ ಮಕ್ಕಳ ಕೈಲಾದರೂ ಹಾಕಿಸಿ.

4. ಅನುಮಾನ ಬಂದರೆ ಸ್ವಿಚ್ ಆರಿಸಿ ಮತ್ತೆ ಹಾಕಿ. ಮಿರಾಯ್‌ನಂಥದು ಅಷ್ಟಕ್ಕೇ ಹೋಗುತ್ತದೆ. ಆದರೆ ಹಳೇ ಪಾಸ್‌ವರ್ಡ್ ಇದ್ದರೆ ಸ್ವಲ್ಪ ಹೊತ್ತಿಗೇ ವಾಪಸ್ಸು ಬರುತ್ತದೆ. ಕೂಡಲೇ ಬದಲಿಸಿ.

ಮನೆ ಕಾಯಲೆಂದು ದುಡ್ಡು ಕೊಟ್ಟು ತಂದ ಕ್ಯಾಮೆರಾ ಊರವರ ಬಾಗಿಲಿಗೆ ಅಡ್ಡ ನಿಲ್ಲಬಾರದಲ್ಲವೇ? ಐದು ನಿಮಿಷದ ಕೆಲಸ. ಇವತ್ತೇ ಮಾಡಿಬಿಡಿ.