ಹಂಚು ಇಳಿಸುವ ಮೊದಲು ಲೆಕ್ಕ ಹಾಕಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಗೆ ಮಲೆನಾಡಿನವರು ‘ಹಳೇ ಮನೆಯ ಮಾಡು ಬಿಚ್ಚಿ ನೋಡು’ ಎಂದು ಇನ್ನೊಂದನ್ನು ಸೇರಿಸಬಹುದು. ಕೋಣಂದೂರು ಸುತ್ತಮುತ್ತ ಅಡಿಕೆ ದುಡ್ಡು ಕೈಗೆ ಬರುತ್ತಿದ್ದಂತೆ ಮನೆ ರಿಪೇರಿಯ ಮಾತು ಶುರುವಾಗುತ್ತದೆ. ನಮ್ಮ ಮನೆಯಲ್ಲೂ ಈಗ ಅದೇ ಮಾತು. ಮಾಡಿನ ಖರ್ಚು, ನನ್ನ ಬಿಇ ಫೀಸು ಎರಡೂ ಅದೇ ದುಡ್ಡಿನಲ್ಲಿ ಆಗಬೇಕು. ಹಾಗಾಗಿ ಅಪ್ಪನ ಜೊತೆ ಕೂತು ಲೆಕ್ಕ ಹಾಕಿದೆ.

ಮೊದಲನೆಯದು ಅಳತೆ. ಮನೆ 30x40 ಅಡಿ, ಅಂದರೆ 1,200 ಚದರ ಅಡಿ ಎಂದುಕೊಳ್ಳಿ. ಮಾಡು ಅಷ್ಟೇ ಇರುವುದಿಲ್ಲ. ಸುತ್ತಲೂ ಎರಡಡಿ ಸೂರು ಬಿಟ್ಟರೆ 34x44, ಅಂದರೆ 1,496 ಚದರ ಅಡಿ. ಇಳಿಜಾರು 30 ಡಿಗ್ರಿ ಇದ್ದರೆ ಇದನ್ನು ಕಾಸ್ 30, ಅಂದರೆ 0.866ರಿಂದ ಭಾಗಿಸಬೇಕು. ಆಗ ಸುಮಾರು 1,727 ಚದರ ಅಡಿ. ನೆಲದ ಲೆಕ್ಕಕ್ಕಿಂತ ಶೇ 44ರಷ್ಟು ಜಾಸ್ತಿ! ಚದರ ಮೀಟರಿಗೆ ಸುಮಾರು 15 ಮಂಗಳೂರು ಹಂಚು ಹಿಡಿದರೂ 2,400 ಹಂಚು ಬೇಕು. ಸಾಗಿಸುವಾಗ ಒಡೆಯುವುದು ಬೇರೆ.

ಎರಡನೆಯದು ಕಾಣದ ಖರ್ಚು. ಹಂಚು ಇಳಿಸಿದ ಮೇಲೇ ಯಾವ ಪಕಾಸಿಗೆ ಗೆದ್ದಲು ಹಿಡಿದಿದೆ, ಯಾವ ರೀಪು ಲಡ್ಡಾಗಿದೆ ಎಂಬುದು ಗೊತ್ತಾಗುವುದು. ಎಸ್ಟಿಮೇಶನ್ ಪುಸ್ತಕಗಳಲ್ಲಿ ಅನಿರೀಕ್ಷಿತ ಖರ್ಚಿಗೆ ಸಾಮಾನ್ಯವಾಗಿ ಶೇ 3ರಿಂದ 5 ಇಡುತ್ತಾರೆ. ಅದು ಹೊಸ ಕಟ್ಟಡದ ಮಾತು. ಹಳೇ ಮನೆಗೆ ನಾವು ಶೇ 20 ಇಟ್ಟೆವು. ಮರ, ವೈರಿಂಗ್, ಸಾಮಾನು ತರುವ ಗಾಡಿ ಬಾಡಿಗೆ, ಕೆಲಸದವರ ಕಾಫಿ-ತಿಂಡಿ ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದೆವು.

ಮೂರನೆಯದು ಸಮಯ. ಆಗುಂಬೆ ಇರುವ ತಾಲ್ಲೂಕು ನಮ್ಮದು. ಮಳೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಸಿಗುವ ಕೆಲವೇ ತಿಂಗಳಲ್ಲಿ ಎಲ್ಲರಿಗೂ ಅದೇ ಮೇಸ್ತ್ರಿ, ಅದೇ ಬಡಗಿ ಬೇಕು. ಆದ್ದರಿಂದ ಮರ, ಹಂಚು ಅಂಗಳಕ್ಕೆ ಬಂದು, ಕೆಲಸದವರು ದಿನ ಗೊತ್ತು ಮಾಡಿದ ಮೇಲಷ್ಟೇ ಮಾಡು ಬಿಚ್ಚಬೇಕು. ಟಾರ್ಪಾಲಿನ ದುಡ್ಡೂ ಪಟ್ಟಿಯಲ್ಲಿರಲಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ಹಳೆಯ ಕೊಟೇಶನ್ ಇದ್ದರೆ ಹೊಸದು ಕೇಳಿ.

ಕೊನೆಯದು ಸಾಲ. 3 ಲಕ್ಷ ರೂಪಾಯಿಯನ್ನು ಶೇ 10ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 6,374 ರೂಪಾಯಿ. ಬಡ್ಡಿಯೇ 82 ಸಾವಿರ ದಾಟುತ್ತದೆ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬಂದರೆ ಕಂತು ತಿಂಗಳು ತಿಂಗಳೂ ಬರುತ್ತದೆ. ಕೊಳೆರೋಗ ಬಂದ ವರ್ಷವೂ ಅದು ನಿಲ್ಲುವುದಿಲ್ಲ. ಅದಕ್ಕೇ ಕೆಲಸವನ್ನು ಎರಡು ಭಾಗ ಮಾಡಿದೆವು: ಈ ವರ್ಷ ಮಾಡು ಮತ್ತು ವೈರಿಂಗ್. ಟೈಲ್ಸ್, ಬಣ್ಣ, ಹೊಸ ಅಡುಗೆಮನೆ ಮುಂದಿನ ಫಸಲಿಗೆ. ಮಾಡು ಸೋರುತ್ತಿರುವಾಗ ಗೋಡೆಗೆ ಬಣ್ಣ ಹೊಡೆದರೆ ಎರಡೂ ದಂಡ. ಅಡುಗೆಮನೆ ಮುಂದಕ್ಕೆ ಹೋಗಿದ್ದಕ್ಕೆ ಅಮ್ಮನಿಗೆ ಬೇಸರವಿದೆ. ಪಟ್ಟಿ ನೋಡಿ, ‘ಸರಿ, ಮುಂದಿನ ವರ್ಷದ್ದು ಈಗಲೇ ಬರೆದಿಡು’ ಎಂದಿದ್ದಾರೆ.

ಗೆಳೆಯರೇ, ನಮ್ಮ ಹಿರಿಯರು ಇಂಥ ಲೆಕ್ಕವನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡು, ಚಿಂತೆಯನ್ನೂ ಒಬ್ಬರೇ ಹೊರುತ್ತಾರೆ. ಅಳತೆ ಟೇಪು, ಮೊಬೈಲಿನಲ್ಲೊಂದು ಎಕ್ಸೆಲ್ ಶೀಟು ಇದ್ದರೆ ಅದರಲ್ಲಿ ಅರ್ಧ ಭಾರ ನಾವು ಹೊರಬಹುದು. ನಿಮ್ಮ ಮನೆಯಲ್ಲೂ ರಿಪೇರಿಯ ಮಾತು ಎದ್ದಿದ್ದರೆ ಈ ಭಾನುವಾರವೇ ಟೇಪು ಹಿಡಿಯಿರಿ.