ಟೇಪು ಹಿಡಿದು ಕೋಟಿ ಮನೆ ನೋಡಿ ಬಂದೆವು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿದ್ದು ಜನ ತಾವೇ ನಿಂತು ಮನೆ ಕಟ್ಟಿಸುತ್ತಿದ್ದ ಕಾಲಕ್ಕೆ. ಈಗ ಬೆಂಗಳೂರಿನಲ್ಲಿ ಬಹಳ ಜನ ಮನೆ ಕಟ್ಟಿಸುವುದಿಲ್ಲ; ಅಂಗಡಿಯಲ್ಲಿ ಸೀರೆ ಆರಿಸಿದ ಹಾಗೆ ಆರಿಸುತ್ತಾರೆ. ಸೀರೆಯನ್ನಾದರೋ ನಾವು ಬಿಚ್ಚಿಸಿ, ಸೆರಗು ನೋಡಿ, ಬೆಳಕಿಗೆ ಹಿಡಿದು, ಬಣ್ಣ ಬಿಡುತ್ತದೆಯೇ ಎಂದು ನಾಲ್ಕು ಸಲ ಕೇಳುತ್ತೇವೆ. ಎರಡು ಕೋಟಿಯ ಮನೆಯನ್ನು ಮಾತ್ರ ಅರ್ಧ ಗಂಟೆಯಲ್ಲಿ ನೋಡಿ, ಅವರು ಕೊಟ್ಟ ತಣ್ಣನೆಯ ಜ್ಯೂಸು ಕುಡಿದು, ಮುಂಗಡ ಕೊಟ್ಟು ಬರುವವರಿದ್ದಾರೆ!

ಈಚೆಗೆ ನನಗೂ ಇಂಥ ಮನೆಗಳನ್ನು ನೋಡುವ ಯೋಗ ಬಂತು. ನಮ್ಮಕ್ಕ ಇರುವುದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. ಅವಳ ಮಗ, ಸೊಸೆ ಇಬ್ಬರೂ ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಏಳು ವರ್ಷ ಬಾಡಿಗೆ ಮನೆಯಲ್ಲಿ ಇದ್ದು ಸಾಕಾಗಿ, ಸ್ವಂತದ್ದೊಂದು ಕೊಳ್ಳಲು ಹೊರಟಿದ್ದರು. ಬ್ಯಾಂಕು ಕೊಡುವುದು ಹೋಗಿ ಕೈಯಿಂದ ಹಾಕಬೇಕಾದ ಹಣಕ್ಕೆ ಊರಿನ ಎರಡು ಎಕರೆ ತೆಂಗಿನ ತೋಟ ಮಾರುವುದೆಂದು ಮಾತಾಗಿತ್ತು.

"ಮಾರೋದು ಮಾರ್ತೀನಿ ಕಣೇ. ಆದ್ರೆ ಏನಕ್ಕೋಸ್ಕರ ಮಾರ್ತಿದೀನಿ ಅಂತ ಒಂದ್ಸಲ ಕಣ್ಣಾರೆ ನೋಡಬೇಡ್ವಾ?" ಎಂದಳು ಅಕ್ಕ. ತೋಟದ ಮರಗಳನ್ನೆಲ್ಲ ಭಾವನವರ ಜೊತೆ ತಾನೇ ನೀರು ಹೊತ್ತು ಬೆಳೆಸಿದವಳು. ಇಟ್ಟ ಸಸಿ ಕಾಯಿ ಬಿಡಲು ಏಳೆಂಟು ವರ್ಷ ಕಾಯಬೇಕು. ಮಾರಲು ಒಂದು ಸಹಿ ಸಾಕು.

ಸರಿ, ನಾನೂ ಹೊರಟೆ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿದ್ದ ಅಳತೆ ಟೇಪನ್ನು ಬ್ಯಾಗಿಗೆ ಹಾಕಿಕೊಂಡೆ. ರವಿಕೆ ಅರ್ಧ ಅಂಗುಲ ಹೆಚ್ಚುಕಮ್ಮಿಯಾದರೆ ಒಪ್ಪದವರು ನಾವು, ಮನೆಯನ್ನು ಅಳೆಯದೆ ಒಪ್ಪುವುದುಂಟೇ?

ವೈಟ್ ಸಾಹೇಬರ ಊರು

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿ ಕುಳಿತರೆ ಇಳಿಯುವುದು ವೈಟ್‌ಫೀಲ್ಡ್ ಕಾಡುಗೋಡಿಯಲ್ಲೇ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಈ ಅನುಕೂಲ. ಕಿಟಕಿಯಿಂದ ನೋಡಿದಷ್ಟೂ ಕಟ್ಟಡ. ಎಣಿಸುತ್ತಾ ಹೋದ ಅಕ್ಕ ಇಪ್ಪತ್ತನೆಯ ಅಂತಸ್ತಿಗೆ ಲೆಕ್ಕ ತಪ್ಪಿ ಬಿಟ್ಟುಬಿಟ್ಟಳು.

ಈ ಊರು ಹುಟ್ಟಿದ್ದೇ ಮನೆಗಳಿಗಾಗಿ ಎಂದರೆ ನಂಬುತ್ತೀರಾ? 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಇಲ್ಲಿ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಬೇಸಾಯ ಮಾಡಿಕೊಂಡು, ಸ್ವಂತ ಮನೆ ಕಟ್ಟಿಕೊಂಡು ಬದುಕಲಿ ಎಂಬುದು ಉದ್ದೇಶ. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ನಡುವೆ ಬಯಲು, ಅದರ ಸುತ್ತ ಬಳೆಯ ಹಾಗೆ ರಸ್ತೆ, ರಸ್ತೆಯ ಅಂಚಿಗೆ ಹೆಂಚಿನ ಮನೆಗಳು. ಆ ಒಳ ವೃತ್ತದ ರಸ್ತೆಯನ್ನು ಇಂದಿಗೂ 'ಇನ್ನರ್ ಸರ್ಕಲ್' ಎನ್ನುತ್ತಾರೆ. ಅಲ್ಲಿ ಉಳಿದಿರುವ ಬೆರಳೆಣಿಕೆಯ ಹಳೆಯ ಮನೆಗಳಿಗೆ ಜಗಲಿ ಇದೆ, ಮರದ ನೆರಳಿದೆ. 1990ರ ದಶಕದಲ್ಲಿ ಐ.ಟಿ.ಪಿ.ಎಲ್. ಬಂದ ಮೇಲೆ ಊರಿನ ಚಹರೆಯೇ ಬದಲಾಯಿತು. ಈಗ ಇಲ್ಲಿ ಮಾರಾಟಕ್ಕಿರುವ ಮನೆಗಳಿಗೆ ಜಗಲಿ ಇಲ್ಲ, 'ಫೋಯರ್' ಇದೆ.

ನಾಲ್ಕೂವರೆ ಕೋಟಿಯ ವಿಲ್ಲಾ

ಮೊದಲು ನೋಡಿದ್ದು ವಿಲ್ಲಾ. ಕೊಳ್ಳುವುದಕ್ಕಲ್ಲ, ಸುಮ್ಮನೆ ಕಣ್ತುಂಬಿಕೊಳ್ಳಲು. ಹೊಗಳುವುದನ್ನು ಮೊದಲು ಹೊಗಳಿಬಿಡೋಣ. ಅಬ್ಬಬ್ಬಾ, ಎಂಥ ಬೆಳಕು! ಹಜಾರದ ಚಾವಣಿ ಎರಡು ಅಂತಸ್ತಿನ ಎತ್ತರ. ಇಟಲಿಯ ಅಮೃತಶಿಲೆಯ ಮೇಲೆ ಕಾಲಿಟ್ಟರೆ ಕೆರೆಯ ಮೆಟ್ಟಿಲಿನಷ್ಟು ತಂಪು. ಅಡುಗೆಮನೆ ಒಂದಲ್ಲ, ಎರಡು: ಒಂದು 'ಒಣ' ಅಡುಗೆಮನೆ, ಇನ್ನೊಂದು 'ಹಸಿ' ಅಡುಗೆಮನೆ. ಒಗ್ಗರಣೆಯ ಘಾಟು ಹಜಾರಕ್ಕೆ ಬರಬಾರದೆಂಬ ಯೋಚನೆ ಒಳ್ಳೆಯದೇ. ನಮ್ಮ ಹಿತ್ತಲಿನ ಒಲೆಗೂ ಅದೇ ತಾನೇ ಕಾರಣ?

ಆದರೆ ನೋಡಿ, ಒಣ ಅಡುಗೆಮನೆ ಹದಿನಾಲ್ಕು ಅಡಿ. ಅಲ್ಲಿ ಮಾಡುವುದು ಕಾಫಿ. ಹಸಿ ಅಡುಗೆಮನೆ ಏಳು ಅಡಿ. ಅಲ್ಲಿ ಮಾಡುವುದು ಮಿಕ್ಕದ್ದೆಲ್ಲ! ಅದರ ಕಿಟಕಿ ತೆರೆಯುವುದು ಗಾಳಿಯೇ ಆಡದ ಕಿರು ಸಂದಿಗೆ. ಮೆಣಸಿನಕಾಯಿ ಹುರಿದರೆ ಹೋಗುವುದೆಲ್ಲಿಗೆ, ಹುರಿಯುವವಳ ಗಂಟಲಿಗೇ. ಗ್ರೈಂಡರ್ ಇಡಲು ಜಾಗವಿಲ್ಲ. ಬಟ್ಟೆ ಒಣಹಾಕುವುದೆಲ್ಲಿ ಎಂದು ಕೇಳಿದೆ. "ಡ್ರೈಯರ್ ಇಡಬಹುದು ಮೇಡಂ, ಬಾಲ್ಕನಿಯಲ್ಲಿ ಹಗ್ಗ ಕಟ್ಟೋ ಹಾಗಿಲ್ಲ" ಎಂದ ತೋರಿಸುತ್ತಿದ್ದ ಹುಡುಗ. ವರ್ಷದ ಬಹುಪಾಲು ಬಿಸಿಲು ಪುಕ್ಕಟೆ ಬೀಳುವ ನಾಡಿನಲ್ಲಿ ಬಟ್ಟೆ ಒಣಗಿಸಲು ಕರೆಂಟು!

ನಾಲ್ಕು ಜನರ ಮನೆಗೆ ಬಚ್ಚಲು ಐದು. "ತೊಳೆಯೋರು ಯಾರು?" ಎಂದು ಅಕ್ಕ ಕೇಳಿದಳು. ಉತ್ತರ ಹಸಿ ಅಡುಗೆಮನೆಯ ಹಿಂದೆ ಸಿಕ್ಕಿತು: ಮನೆಗೆಲಸದವಳ ಕೋಣೆ. ಟೇಪು ಹಿಡಿದೆ. ಆರು ಅಡಿ ಅಗಲ, ಏಳು ಅಡಿ ಉದ್ದ, ಕಿಟಕಿ ಇಲ್ಲ. ಅದರ ಪಕ್ಕದ ಕಾರಿನ ಶೆಡ್ಡಿಗೆ ಗಾಳಿಯಾಡಲು ಜಾಲರಿ ಇತ್ತು. ನಾಲ್ಕೂವರೆ ಕೋಟಿಯಲ್ಲಿ ಒಂದು ಕಿಟಕಿಗೆ ದುಡ್ಡು ಸಾಲಲಿಲ್ಲವೇ ಎಂದು ನನಗೆ ಬಹಳ ಬೇಸರವಾಯಿತು.

'ಲೇಕ್ ವ್ಯೂ' ಮತ್ತು ಅಕ್ಕನ ಪ್ರಶ್ನೆ

ಮಕ್ಕಳ ಮನಸ್ಸಿದ್ದದ್ದು ವರ್ತೂರು ಕಡೆ ಕಟ್ಟುತ್ತಿದ್ದ ಫ್ಲಾಟಿನ ಮೇಲೆ. ಹದಿನಾಲ್ಕನೆಯ ಅಂತಸ್ತು, ಮೂರು ಮಲಗುವ ಕೋಣೆ, 1,950 ಚದರಡಿ, ಬೆಲೆ 1 ಕೋಟಿ 90 ಲಕ್ಷ. ಒಪ್ಪವಾಗಿ ಸಿಂಗರಿಸಿದ ಮಾದರಿ ಮನೆಯನ್ನು ತೋರಿಸಿದರು. ಏನೋ ವಿಶಾಲ, ಏನೋ ಸೊಗಸು! ಆದರೆ ಕೋಣೆಗಳಿಗೆ ಬಾಗಿಲೇ ಇಲ್ಲ. ಬಾಗಿಲಿಲ್ಲದಿದ್ದರೆ ಕೋಣೆ ದೊಡ್ಡದಾಗಿ ಕಾಣುತ್ತದಂತೆ. ಮಂಚ ಅಳೆದೆ: ಐದಡಿ ಆರಂಗುಲ. ಅಕ್ಕನ ಮಗ ಐದಡಿ ಹತ್ತಂಗುಲ!

ಆಮೇಲೆ ಕಾಗದದ ಲೆಕ್ಕ. 1,950 ಎಂಬುದು 'ಸೂಪರ್ ಬಿಲ್ಟ್-ಅಪ್', ಅಂದರೆ ಲಿಫ್ಟು, ಮೆಟ್ಟಿಲು, ಕ್ಲಬ್ಬುಗಳಲ್ಲಿ ನಿಮ್ಮ ಪಾಲೂ ಸೇರಿದ್ದು. ಮನೆಯ ಒಳಗೆ ನಿಜಕ್ಕೂ ಚಾಪೆ ಹಾಸಬಹುದಾದ ಜಾಗಕ್ಕೆ 'ಕಾರ್ಪೆಟ್ ಏರಿಯಾ' ಎನ್ನುತ್ತಾರೆ. 2016ರ ರೇರಾ ಕಾಯ್ದೆಯ ಪ್ರಕಾರ ಅದನ್ನು ತಿಳಿಸಲೇಬೇಕು. ಕೇಳಿದರೆ 1,290 ಎಂದರು. ಚದರಡಿಗೆ 9,700 ರೂಪಾಯಿ ಎಂದಿದ್ದ ಬೆಲೆ ನಿಂತ ನಿಲುವಿನಲ್ಲೇ 14,700 ಆಯಿತು. ತಿಂಗಳ ನಿರ್ವಹಣೆಯ ಖರ್ಚು ಮಾತ್ರ 1,950 ಅಡಿಗೇ ಕಟ್ಟಬೇಕು.

ಕೊನೆಗೆ ಬಾಲ್ಕನಿಗೆ ಕರೆದೊಯ್ದರು. ದೂರದಲ್ಲಿ ವರ್ತೂರು ಕೆರೆ, ಸಂಜೆ ಬಿಸಿಲಿಗೆ ಹೊಳೆಯುತ್ತಿತ್ತು. ಹೇಳದಿದ್ದರೆ ಪಾಪ ಬಂದೀತು, ಚೆಂದವಾಗಿತ್ತು. ಸೊಸೆ ಮೊಬೈಲಿನಲ್ಲಿ ಫೋಟೋ ತೆಗೆದಳು. ಅಕ್ಕ ಕೆರೆಯನ್ನೇ ನೋಡುತ್ತಾ ನಿಂತಿದ್ದವಳು ಕೇಳಿದಳು: "ಏನಪ್ಪಾ, ಈ ಕೆರೆ ಕೋಡಿ ಬಿದ್ರೆ ನೀರು ಯಾವ ಕಡೆ ಹೋಗತ್ತೆ?"

ಹುಡುಗನಿಗೆ ಕೋಡಿ ಎಂದರೆ ಗೊತ್ತಿರಲಿಲ್ಲ. ಈಜುಕೊಳ ಇದೆ ಅಜ್ಜಿ ಎಂದ.

ಕೆರೆ ಕಂಡ ಹಳ್ಳಿಯ ಹೆಂಗಸರಿಗೆಲ್ಲ ತಿಳಿದ ಪ್ರಶ್ನೆ ಅದು. ಬೆಂಗಳೂರಿನ ಕೆರೆಗಳು ಒಂದಕ್ಕೊಂದು ರಾಜಕಾಲುವೆಯಿಂದ ಹೆಣೆದವು; ಮೇಲಿನದು ತುಂಬಿ ಕೆಳಗಿನದಕ್ಕೆ. ಬೆಳ್ಳಂದೂರು ಕೆರೆಯ ನೀರು ವರ್ತೂರಿಗೆ ಬಂದು ಮುಂದೆ ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಊರಿನ ಹೊಲಸೂ ಅದರ ಜೊತೆಗೇ. 2015ರಲ್ಲಿ ಈ ಕೆರೆಗಳ ನೊರೆ ರಸ್ತೆಗೆ ಹಾರಿತ್ತು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿತ್ತು. ಆಮೇಲೆ ಹೂಳೆತ್ತುವ ಕೆಲಸ ನಡೆದಿದೆ, ನಿಜ. ಆದರೆ ಕಾಲುವೆಯ ದಾರಿಗೆ ಗೋಡೆ ಬಂದ ಕಡೆ ನೀರು ಏನು ಮಾಡೀತು? 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಯಮಲೂರಿನ ಎಪ್ಸಿಲಾನ್, ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್‌ನಂಥ ಬಡಾವಣೆಗಳಿಗೆ ನೀರು ನುಗ್ಗಿ, ಕೋಟಿಗಟ್ಟಲೆ ಬೆಲೆಯ ಮನೆಯವರು ದೋಣಿ, ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ಹದಿನಾಲ್ಕನೆಯ ಅಂತಸ್ತಿಗೆ ನೀರು ಬರಲಾರದು; ಆದರೆ ಕಾರು, ಮೀಟರು, ಪಂಪು ಎಲ್ಲ ಇರುವುದು ನೆಲಮಾಳಿಗೆಯಲ್ಲಿ.

ಹರಿದು ಹೋಗುವ ನೀರು ಹೀಗಾಯಿತು. ಕುಡಿಯುವ ನೀರು? ಸದ್ಯಕ್ಕೆ ಬೋರು, ಸಾಲದಿದ್ದರೆ ಟ್ಯಾಂಕರು, ಮುಂದೆ ಕಾವೇರಿ ಬರುತ್ತದೆ ಎಂದರು. ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ. ಆದರೆ ಯೋಜನೆ ಬಂದಿರುವುದು ಬೇರೆ, ಕೊಳ್ಳುವ ಮನೆಯ ನಲ್ಲಿಗೆ ನೀರು ಬಂದಿರುವುದು ಬೇರೆ. ಅದೇ ವರ್ಷದ ಬೇಸಿಗೆಯಲ್ಲಿ ಬೋರುಗಳು ಬತ್ತಿ, 12,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಎಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಗಿ ಬಂದಿತ್ತು.

ರಾತ್ರಿಯ ಲೆಕ್ಕ

ಅಂದು ರಾತ್ರಿ ಊಟವಾದ ಮೇಲೆ ಲೆಕ್ಕಕ್ಕೆ ಕುಳಿತೆವು. ಒಂದೂವರೆ ಕೋಟಿ ಸಾಲ, ನೂರಕ್ಕೆ ಎಂಟೂವರೆ ಬಡ್ಡಿ, 20 ವರ್ಷ ಎಂದರೆ ತಿಂಗಳಿಗೆ 1 ಲಕ್ಷ 30 ಸಾವಿರ ಕಂತು. ಕಟ್ಟಿ ಮುಗಿಸುವಾಗ ಒಟ್ಟು 3 ಕೋಟಿ 12 ಲಕ್ಷ. ಅಸಲಿಗಿಂತ ಬಡ್ಡಿಯೇ ಹೆಚ್ಚು! ಇನ್ನು ಕೈಯಿಂದ 40 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ ಒಂದರಿಂದ ಎರಡಕ್ಕೆ ಏರಿದೆ. ಮುದ್ರಾಂಕ ಶುಲ್ಕವೂ ಸೇರಿ ನೂರಕ್ಕೆ 7.6. ಅದು 14 ಲಕ್ಷ ದಾಟಿತು. ಇನ್ನೂ ಕಟ್ಟುತ್ತಿರುವ ಮನೆಯಾದ್ದರಿಂದ ನೂರಕ್ಕೆ 5 ಜಿ.ಎಸ್.ಟಿ., ಒಂಬತ್ತೂವರೆ ಲಕ್ಷ. ತೋಟ ಹೋದರೂ ಸಾಲದು.

"ಹಾಗಾದ್ರೆ ಬೇಡ ಬಿಡಿ" ಎಂದ ಮಗ, ಮುಖ ಸಣ್ಣದು ಮಾಡಿಕೊಂಡು. ಅಲ್ಲಿಯವರೆಗೆ ಸುಮ್ಮನಿದ್ದ ಸೊಸೆ ಮಾತಾಡಿದಳು. "ಅತ್ತೆ, ನನಗೆ ಕೆರೆ ಕಾಣೋ ಮನೆ ಬೇಕು ಅಂತಲ್ಲ. ವಾರದಲ್ಲಿ ಮೂರು ದಿನ ಊಟದ ಮೇಜಿನ ಮೇಲೆ ಆಫೀಸು ಮಾಡ್ತೀನಿ. ಮೀಟಿಂಗ್ ಮಧ್ಯೆ ಕುಕ್ಕರ್ ಕೂಗತ್ತೆ, ಎಲ್ಲರೂ ನಗ್ತಾರೆ. ನನಗೆ ಬಾಗಿಲು ಹಾಕ್ಕೊಳ್ಳೋಕೆ ಒಂದು ಕೋಣೆ ಬೇಕು, ಅಷ್ಟೆ."

ಅಕ್ಕ ಅವಳ ಮುಖವನ್ನೇ ನೋಡಿದಳು. ತಾನು ಸೊಸೆಯಾಗಿ ಬಂದ ತುಂಬಿದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಳುವುದಕ್ಕೂ ಜಾಗವಿರಲಿಲ್ಲ ಎಂದು ಅವಳೇ ನನಗೆ ಹಿಂದೆ ಹೇಳಿದ್ದುಂಟು. "ಅದನ್ನ ಮೊದಲೇ ಹೇಳಬಾರದಿತ್ತೇನೇ? ನಾಳೆ ಕೋಣೆ ನೋಡೋಣ, ಕೆರೆ ಬೇಡ" ಎಂದಳು.

ಮೂರನೆಯ ಮನೆ

ಮರುದಿನ ನೋಡಿದ್ದು ಹದಿನೈದು ವರ್ಷದ ಹಳೆಯ ಫ್ಲಾಟು. ಮೂರೇ ಅಂತಸ್ತು, ಇಪ್ಪತ್ತನಾಲ್ಕು ಮನೆ, ಬೆಲೆ 98 ಲಕ್ಷ. ಕುಂದು ಬೇಕಾದಷ್ಟು: ಬಚ್ಚಲ ಟೈಲ್ಸು ಮಾಸಿದೆ, ಕಾರು ನಿಲ್ಲಿಸಲು ಇಕ್ಕಟ್ಟು, ಬಾಲ್ಕನಿಯಿಂದ ಕಾಣುವುದು ಪಕ್ಕದ ಮನೆಯ ನೀರಿನ ತೊಟ್ಟಿ. ಆದರೆ ಕಾರ್ಪೆಟ್ ಅಳತೆ 1,020 ಅಡಿ, ಟೇಪಿಗೂ ಕಾಗದಕ್ಕೂ ಹೊಂದಿತು. ಅಡುಗೆಮನೆಯ ಕಿಟಕಿ ಬಯಲಿಗೆ ತೆರೆಯುತ್ತದೆ. ನಲ್ಲಿಯಲ್ಲಿ ಕಾವೇರಿ. ಮಹಡಿಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಮೂಲೆಯಲ್ಲಿ ಎಂಟಡಿ, ಒಂಬತ್ತಡಿಯ ಪುಟ್ಟ ಕೋಣೆ. ಅದಕ್ಕೊಂದು ಕಿಟಕಿ, ಒಂದು ಬಾಗಿಲು. ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ನಿಮಿಷ ಹೊರಗೆ ಬರಲೇ ಇಲ್ಲ. 2022ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕ ಕೆಳಗಿನ ಮನೆಯಾಕೆಯನ್ನು ಕೇಳಿ ಬಂದಳು. ಆ ಬೀದಿಗೆ ಬಂದಿರಲಿಲ್ಲ.

ಮನೆ ನೋಡಲು ಹೊರಟವರಿಗೆ

* ಅಳತೆ ಟೇಪು ಒಯ್ಯಿರಿ. ಮಾದರಿ ಮನೆಯಲ್ಲಿ ಮಂಚ, ಬೀರು, ಬಾಗಿಲು ಗಮನಿಸಿ. ಬೆಲೆಯನ್ನು ಕಾರ್ಪೆಟ್ ಏರಿಯಾದಿಂದಲೇ ಭಾಗಿಸಿ ನೋಡಿ.
* ನೀರು ಎಲ್ಲಿಂದ ಬರುತ್ತದೆ, ಮಳೆ ನೀರು ಎಲ್ಲಿಗೆ ಹೋಗುತ್ತದೆ? ಈ ಎರಡನ್ನು ಮಾರುವವರನ್ನಲ್ಲ, ಅಕ್ಕಪಕ್ಕದ ಹೆಂಗಸರನ್ನು ಕೇಳಿ. ಸಾಧ್ಯವಾದರೆ ಒಂದು ಸಲ ಮಳೆಗಾಲದಲ್ಲಿ, ಒಂದು ಸಲ ಬೇಸಿಗೆಯಲ್ಲಿ ನೋಡಿ.
* ಕಟ್ಟುತ್ತಿರುವ ಮನೆಯಾದರೆ ರೇರಾ ನೋಂದಣಿ ಸಂಖ್ಯೆ ಕೇಳಿ. ಕರಾರುಪತ್ರ ನೋಂದಣಿಯಾಗುವ ಮೊದಲು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.
* ರೇರಾ ವ್ಯಾಪ್ತಿಯ ಹೊಸ ಮನೆಯ ರಚನೆಯಲ್ಲಿ ದೋಷ ಕಂಡರೆ, ಸ್ವಾಧೀನ ಕೊಟ್ಟ 5 ವರ್ಷದವರೆಗೆ ಕಟ್ಟಿದವರೇ ಸರಿಪಡಿಸಿಕೊಡಬೇಕು.
* ಹಳೆಯ ಮನೆಯಾದರೆ ಮೂಲಪತ್ರ, ಋಣಭಾರ ಪತ್ರ, ಇ-ಖಾತೆ, ಸ್ವಾಧೀನಾನುಭವ ಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ. ಮಾರುವವರು ಹೇಳಿದ ವಕೀಲರಿಗಲ್ಲ.
* ಅಡುಗೆಮನೆಯಲ್ಲಿ ನಿಂತು ಕಣ್ಣು ಮುಚ್ಚಿ ಒಂದು ದಿನದ ಕೆಲಸ ಮಾಡಿ ನೋಡಿ: ಹಾಲು ಕಾಯಿಸಿ, ಹಿಟ್ಟು ರುಬ್ಬಿ, ಪಾತ್ರೆ ತೊಳೆದು, ಬಟ್ಟೆ ಒಣಹಾಕಿ. ಎಲ್ಲಿ ಕೈ ತಡೆಯಿತೋ ಅಲ್ಲಿ ಮನೆಯ ಕುಂದಿದೆ.

ಮಕ್ಕಳು ಆ ಮೂರನೆಯ ಮನೆಯನ್ನೇ ಕೊಂಡರು. ತಮ್ಮ ಉಳಿತಾಯ ಮತ್ತು ಬ್ಯಾಂಕಿನ ಸಾಲದಲ್ಲಿ ಮುಗಿಯಿತು, ತೋಟ ಉಳಿಯಿತು. ಗೃಹಪ್ರವೇಶಕ್ಕೆ ಅಕ್ಕ ಒಂದು ಚೀಲ ಕಾಯಿ ಹೊತ್ತು ತಂದಿದ್ದಳು. ಸೊಸೆಯ ಮೊಬೈಲಿನಲ್ಲಿ ಆ ಕೆರೆಯ ಫೋಟೋ ಇನ್ನೂ ಇದೆ. ಆಗಾಗ ತೆಗೆದು ನೋಡುತ್ತಾಳೆ. ನೋಡಲಿ ಬಿಡಿ. ನೋಡುವುದಕ್ಕೆ ಕಂತು ಕಟ್ಟಬೇಕಾಗಿಲ್ಲವಲ್ಲ!